ಭುಲೇಶ್ವರದಲ್ಲಿ ಸಿಕ್ಕ ಪೆಗ್ ಮೆಷರ್: ಎರಡು ಬೆರಳಿನ ಲೆಕ್ಕ ಬಯಲಾಯಿತು

ಮುಂಬಯಿಯ ಭುಲೇಶ್ವರದ ಪಾತ್ರೆ ಅಂಗಡಿಯಲ್ಲಿ 150 ರೂಪಾಯಿ ಕೊಟ್ಟು ತಂದ ಸ್ಟೀಲಿನ ಪೆಗ್ ಮೆಷರ್, ಅಂದರೆ ಮದ್ಯ ಅಳೆಯುವ ಬಟ್ಟಲು, ಇದು. ನೋಡಲು ಡಮರುವಿನ ಹಾಗಿದೆ. ಒಂದು ಬದಿ 30 ಎಂಎಲ್ (ಸಣ್ಣ ಪೆಗ್), ಇನ್ನೊಂದು ಬದಿ 60 (ದೊಡ್ಡ ಪೆಗ್).

ನಮ್ಮ ಯಜಮಾನರು ಕುಂದಾಪುರದ ಕಡೆಯವರು. ಮುಂಬಯಿಗೆ ಬಂದು ನಲವತ್ತು ವರ್ಷವಾಯಿತು. ರಿಟೈರಾದ ಮೇಲೆ ರಾತ್ರಿ ಊಟಕ್ಕೆ ಮೊದಲು ವಿಸ್ಕಿ ಶುರುವಾಯಿತು. "ಒಂದೇ ಪೆಗ್, ಹಾರ್ಟಿಗೆ ಒಳ್ಳೇದು" ಎನ್ನುತ್ತಿದ್ದರು. ಅಳತೆ ಎರಡು ಬೆರಳು. ಒಂದು ದಿನ ಅವರ ಅಗಲ ತಳದ ಗ್ಲಾಸಿಗೆ ಎರಡು ಬೆರಳು ನೀರು ಹಾಕಿ, ಅವರೆದುರೇ ಮೆಷರಿಗೆ ಬಗ್ಗಿಸಿದೆ. ದೊಡ್ಡ ಬದಿ ತುಂಬಿತು. ಅದನ್ನು ಚೆಲ್ಲಿ ತಿರುಗಿಸಿದೆ, ಸಣ್ಣ ಬದಿಯೂ ತುಂಬಿತು. ಗ್ಲಾಸಿನ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ಇನ್ನೊಂದ್ಸಲ ಹಾಕು ಮಾರಾಯ್ತಿ" ಎಂದರು. ಮತ್ತೆ ಅಷ್ಟೇ ಬಂತು.

ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೊಹಾಲ್ ಇರುತ್ತದೆ. 30 ಎಂಎಲ್ ವಿಸ್ಕಿ ಎಂದರೆ ಸುಮಾರು 10 ಗ್ರಾಂ ಆಲ್ಕೊಹಾಲ್. ಇವರ "ಒಂದು ಪೆಗ್ಗಿನಲ್ಲಿ" 30 ಗ್ರಾಂ ಮೀರಿತ್ತು, ಅದೂ ದಿನಾ, ಬಿಪಿ ಮಾತ್ರೆಯ ಜೊತೆಗೆ! ನನಗೆ ನಿದ್ದೆ ಬರಲಿಲ್ಲ.

ಮುಂದಿನ ಸಲ ಹಾರ್ಟ್ ಡಾಕ್ಟರ ಹತ್ತಿರ ಹೋದಾಗ ನಾನೇ ಕೇಳಿದೆ. ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದೆಂಬ ಮಾತು ಕುಡಿಯುವವರನ್ನೂ ಕುಡಿಯದವರನ್ನೂ ಹೋಲಿಸಿದ ಹಳೆಯ ಅಧ್ಯಯನಗಳಿಂದ ಬಂದದ್ದಂತೆ. ಆ ಕುಡಿಯದವರ ಗುಂಪಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿದ್ದರು. ಹಾಗಾಗಿ ಕುಡಿಯುವವರೇ ಗಟ್ಟಿ ಎಂದು ಕಂಡಿತು. ಕುಡಿತ ಬಿಪಿ ಏರಿಸುತ್ತದೆ, ಎದೆಬಡಿತದ ತಾಳ ತಪ್ಪಿಸುತ್ತದೆ ಎಂದೂ ಹೇಳಿದರು. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಹೇಳಿದೆ. ಯಜಮಾನರು ಸುಮ್ಮನೆ ಕೇಳಿಸಿಕೊಂಡರು. ಈಗ ಶನಿವಾರ ಮಾತ್ರ, ಸಣ್ಣ ಬದಿಯಲ್ಲಿ ಒಂದು. ಅಷ್ಟೂ ಬೇಡವೆಂದು ನನ್ನ ಆಸೆ, ಅದನ್ನು ಅವರಿಗೂ ಹೇಳಿದ್ದೇನೆ.

ಮೆಷರಿನ ವಿಷಯಕ್ಕೆ ಬಂದರೆ, ಅಳತೆ ನಂಬಬಹುದು. ಲಾಡಿಗೆ ಸಕ್ಕರೆ ತೂಗುವ ಡಿಜಿಟಲ್ ತಕ್ಕಡಿಯಲ್ಲಿಟ್ಟು ನೋಡಿದೆ: ಸಣ್ಣ ಬದಿಯ ನೀರು 29 ಗ್ರಾಂ, ದೊಡ್ಡದರದ್ದು ಸರಿಯಾಗಿ 60. ಅಂಕಿಗಳನ್ನು ಕೊರೆದಿದ್ದಾರೆ, ಎಷ್ಟು ತಿಕ್ಕಿದರೂ ಹೋಗಿಲ್ಲ. ಆದರೆ 30 ಎಂದರೆ ಕಂಠಮಟ್ಟ ತುಂಬಬೇಕು. ವಯಸ್ಸಾದವರ ಕೈ ಸ್ವಲ್ಪ ನಡುಗಿದರೂ ಚೆಲ್ಲುತ್ತದೆ. ಅಂಚೂ ಒರಟು, ತೊಳೆಯುವಾಗ ಬೆರಳಿಗೆ ತಾಗುತ್ತದೆ. ಒಳಗೆ, ಅಂಚಿನಿಂದ ಸ್ವಲ್ಪ ಕೆಳಗೆ ಗೆರೆ ಹಾಕಿದ್ದರೆ ಐದಕ್ಕೆ ಐದೂ ಕೊಡುತ್ತಿದ್ದೆ. ಈಗ ನಾಲ್ಕು.