ವೂಸ್ಟರ್ ಹಣ್ಣಿನ ತಟ್ಟೆಯೋ, ಡರ್ಬಿ ಇಮಾರಿಯೋ?

ಗೋಡೆಗೆ ಒಂದೇ ಒಂದು ತಟ್ಟೆ ಸಾಕು ಅಂದರೆ ಇಂಗ್ಲೆಂಡಿನ ಪಿಂಗಾಣಿ ಕಂಪನಿ ರಾಯಲ್ ವೂಸ್ಟರ್‌ನ ಹಣ್ಣಿನ ಚಿತ್ರದ ಹಳೇ ತಟ್ಟೆ ನೋಡಿ. ಪಾಚಿ ಹಿಡಿದ ನೆಲದ ಮೇಲೆ ಸೇಬು, ಪೀಚ್, ದ್ರಾಕ್ಷಿ. ಬಣ್ಣ ಹಚ್ಚಿ ಸುಟ್ಟು, ಮತ್ತೆ ಹಚ್ಚಿ ಮತ್ತೆ ಸುಟ್ಟು ಆ ಆಳ ತರುತ್ತಿದ್ದರು, ಅದಕ್ಕೇ ಪೀಚಿನ ಸಿಪ್ಪೆ ಮುಟ್ಟಿದರೆ ಮೆತ್ತಗಿರಬಹುದೇನೋ ಅನ್ನಿಸುತ್ತದೆ. ಕಲಾವಿದನ ಸಹಿಯೂ ಇರುತ್ತದೆ. ರಿಚರ್ಡ್ ಸೀಬ್ರೈಟ್ ಹೆಸರು ಕಂಡರೆ ಜೇಬು ಗಟ್ಟಿ ಹಿಡಿದುಕೊಳ್ಳಿ.

ಇಂಗ್ಲೆಂಡಿನದೇ ಇನ್ನೊಂದು ಪಿಂಗಾಣಿ ಕಂಪನಿ ಡರ್ಬಿಯ ಇಮಾರಿ ಬೇರೆ ಜಾತಿ. ಇಮಾರಿ ಅಂದರೆ ಜಪಾನಿನ ಪಿಂಗಾಣಿ ಮಾದರಿ: ಕಡು ನೀಲಿ, ಇಟ್ಟಿಗೆ ಕೆಂಪು, ಮೇಲೆ ಚಿನ್ನ. ಆದರೆ ರಾಯಲ್ ಕ್ರೌನ್ ಡರ್ಬಿಯ ಇಮಾರಿಯಲ್ಲಿ ಹೊರಗೆರೆ ಹೆಚ್ಚಾಗಿ ಅಚ್ಚಿನದು, ಒಳಗೆ ತುಂಬಿದ್ದು ಮಾತ್ರ ಕೈಯಲ್ಲಿ. ಇದು ಮೋಸವಲ್ಲ, ಆದರೆ 'ಪೂರ್ತಿ ಕೈಕೆಲಸ' ಅಂತ ಮಾರಿದರೆ ಮೋಸವೇ ಅಲ್ವಾ? ಸಹಿ ಹಾಕಿದ ಹಣ್ಣಿನ ತಟ್ಟೆಗಿಂತ ಸಾಮಾನ್ಯವಾಗಿ ಅಗ್ಗ, ಸೆಟ್ ಕೂಡಿಸಲು ಸುಲಭ.

ವಯಸ್ಸು ಗುರುತಿಸಲು ವೂಸ್ಟರ್ ಸಲೀಸು. 1892ರಿಂದ ತಟ್ಟೆಯ ಹಿಂಬದಿಯ ಕಂಪನಿ ಮುದ್ರೆಯ ಪಕ್ಕ ವರ್ಷಕ್ಕೊಂದು ಚುಕ್ಕಿ ಸೇರಿಸುತ್ತಾ ಹೋದರು, 8 ಚುಕ್ಕಿ ಇದ್ದರೆ 1899. ಡರ್ಬಿಯಲ್ಲಿ ವರ್ಷಕ್ಕೊಂದು ಚಿಹ್ನೆ, ಪಟ್ಟಿ ಇಟ್ಟುಕೊಂಡೇ ನೋಡಬೇಕು.

ಎರಡರಲ್ಲೂ ಚಿನ್ನ ಸವೆದಿದೆಯಾ ನೋಡಿ. ಬೆರಳಲ್ಲಿ ಮೆಲ್ಲಗೆ ತಟ್ಟಿ, ಗಂಟೆಯಂತೆ ಕೇಳದೆ ಮಂಕಾಗಿ ಸದ್ದು ಬಂದರೆ ಎಲ್ಲೋ ಬಿರುಕಿದೆ. ನಾನು ತಟ್ಟದೆ ಕೊಂಡ ಒಂದು ಡರ್ಬಿ ಈಗ ಬೀಗದ ಕೈ ಇಡುವ ತಟ್ಟೆಯಾಗಿದೆ. ನನ್ನ ಮತ ಆದರೂ ಹೊಸಬರಿಗೆ ಡರ್ಬಿಗೇ, ತಪ್ಪಿದರೂ ಕಳೆದುಕೊಳ್ಳುವುದು ಕಡಿಮೆ.