ಹಳೇ ಗ್ರಾಂಡ್ ವಿಟಾರಾಕ್ಕೆ ಹಾಕಿದ ದುಡ್ಡು: ಯಾವುದು ದಕ್ಕಿತು, ಯಾವುದು ದಂಡ

ಮೊದಲೇ ಹೇಳಿಬಿಡುತ್ತೇನೆ. ಕಚ್ಚಾ ದಾರಿಗೆ ಅಂತ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ತಗೊಂಡು ಕೈಯಲ್ಲಿ ಸ್ವಲ್ಪವೇ ದುಡ್ಡು ಉಳಿದಿದ್ದರೆ ಅದನ್ನು ಟೈರು, ಗಾಳಿ ಕಂಪ್ರೆಸರ್ ಮತ್ತು ಗಾಡಿಯ ಸವೆದ ರಬ್ಬರ್ ಭಾಗಗಳಿಗೆ ಹಾಕಿ. ಉಳಿದಿದ್ದೆಲ್ಲ ಕಾಯುತ್ತದೆ. ಫೋಟೋದಲ್ಲಿ ಮಿಂಚುವ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಕೆಸರಿಗಿಳಿದಾಗ ಬರೀ ಹೊರೆ.

ನನ್ನದು ಸುಜುಕಿ ಗ್ರಾಂಡ್ ವಿಟಾರಾ. 2005ರಲ್ಲಿ ಬಂದ ತಲೆಮಾರಿನದು, ಐದು ಬಾಗಿಲು, ಪೆಟ್ರೋಲ್, ಮ್ಯಾನುಯಲ್ ಗೇರು. ಈ ತಲೆಮಾರನ್ನೇ ಹುಡುಕಿ ತಗೊಂಡಿದ್ದಕ್ಕೆ ಕಾರಣ ಡ್ಯಾಶ್‌ಬೋರ್ಡಿನ ಮೇಲಿರುವ ಒಂದು ಗುಂಡನೆಯ ಸ್ವಿಚ್ಚು: 4ಎಚ್, 4ಎಚ್ ಲಾಕ್, 4ಎಲ್ ಲಾಕ್, ಎನ್ (ನ್ಯೂಟ್ರಲ್). ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ, ಬೇಕಾದಾಗ ನಡುವಿನ ಡಿಫರೆನ್ಷಿಯಲ್‌ಗೆ (ಮುಂದಿನ, ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಲಾಕು, ಜೊತೆಗೆ ಲೋ ರೇಂಜ್, ಅಂದರೆ ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರು. ಲೋ ರೇಂಜಿಗೆ ಹಾಕಿದರೆ ಚಕ್ರದ ಎಳೆತ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ, ಇಳಿಜಾರಿನಲ್ಲಿ ಬ್ರೇಕಿಗೆ ಕಾಲಿಡದೆ ಇಳಿಯಬಹುದು. 2022ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಬೇರೆಯೇ ಗಾಡಿ, ಅದಕ್ಕೆ ಲೋ ರೇಂಜ್ ಇಲ್ಲ. ಹಳೇದರಲ್ಲೂ ಎರಡೇ ಚಕ್ರಕ್ಕೆ ಶಕ್ತಿ ಕೊಡುವ ಮಾದರಿಗಳಿವೆ. ಹಿಂದೆ ಅಂಟಿಸಿರುವ ಸ್ಟಿಕ್ಕರ್ ನಂಬಬೇಡಿ, ಒಳಗೆ ಕೂತು ಆ ಸ್ವಿಚ್ಚು ತಿರುಗಿಸಿ, 4ಎಲ್ ದೀಪ ಹತ್ತುತ್ತದಾ ನೋಡಿ.

ಹಿಂದಿನ ಮಾಲೀಕರು ಇದರ ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರ್ರು, ಅದರ ಮೇಲೆ ಉದ್ದನೆಯ ಎಲ್‌ಇಡಿ ಲೈಟ್ ಬಾರ್ ಕೂರಿಸಿದ್ದರು. ಕೆಳಗೆ ಬಗ್ಗಿ ನೋಡಿದರೆ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿತ್ತು, ಚಕ್ರವನ್ನು ಗಾಡಿಗೆ ಹಿಡಿದಿಡುವ ಕಂಟ್ರೋಲ್ ಆರ್ಮಿನ ರಬ್ಬರ್ ಬುಶ್ ಸೀಳಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಕ್ಯಾರಿಯರ್ರು, ಲೈಟ್ ಬಾರ್ ಎರಡನ್ನೂ ಬಿಚ್ಚಿ ಮಾರಿದೆ. ಬಂದ ದುಡ್ಡು ಬುಶ್‌ಗಳಿಗೆ ಹೋಯಿತು.

ನಾನು ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ವಿಷಯ ಎತ್ತಿದಾಗ ಮೆಕ್ಯಾನಿಕ್ ಟಾರ್ಚು ಬಿಟ್ಟು ತೋರಿಸುತ್ತಾ ಹೇಳಿದ್ದು ಇಷ್ಟೇ: "ಸಾರ್, ಈ ಬುಶ್ ಇಟ್ಕೊಂಡು ಎತ್ತರ ಮಾಡಿದ್ರೆ ಎತ್ತರದಲ್ಲಿ ಅಲ್ಲಾಡುತ್ತೆ, ಅಷ್ಟೇ ವ್ಯತ್ಯಾಸ." ಬುಶ್, ಶಾಕ್, ಬ್ರೇಕ್ ಪ್ಯಾಡ್, ರೇಡಿಯೇಟರ್ ಹೋಸು, ಫ್ಯಾನ್ ಬೆಲ್ಟು. ಇದರಲ್ಲಿ ಒಂದೂ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಕಲ್ಲಿನ ದಾರಿಯಲ್ಲಿ ಗಾಡಿ ಅಡ್ಡಾದಿಡ್ಡಿ ಎಳೆಯುವುದು ನಿಂತಿದ್ದು ಇವುಗಳಿಂದಲೇ.

ಆಮೇಲೆ ಟೈರು. ಗಾಡಿ ಜೊತೆ ಬಂದ ಟೈರಿಗೆ ಪಟ್ಟೆ ಚೆನ್ನಾಗಿಯೇ ಇತ್ತು, ವಯಸ್ಸಾಗಿತ್ತು. ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಲೆಕ್ಕ. ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ಐದೂ ಟೈರಿನ ಅಂಕಿ ಓದಿ, ಸ್ಟೆಪ್ನಿಯನ್ನು ಮರೆಯಬೇಡಿ.

ಕಂಪನಿ ಅಳತೆ 225/70 ಆರ್16. ನಾನು ಹಾಕಿಸಿದ್ದು 225/75 ಆರ್16, ಆಲ್ ಟೆರೇನ್, ಅಂದರೆ ಟಾರು, ಕಚ್ಚಾ ದಾರಿ ಎರಡಕ್ಕೂ ಆಗುವಂಥದ್ದು. ಅಗಲ ಅಷ್ಟೇ, ಎತ್ತರ ಸುಮಾರು 22 ಮಿಲಿಮೀಟರ್ ಜಾಸ್ತಿ. ಅದರಲ್ಲಿ ಅರ್ಧ ಮಾತ್ರ ಗಾಡಿಯ ಹೊಟ್ಟೆಯ ಕೆಳಗೆ ಸಿಗುತ್ತದೆ, ಅಂದರೆ 11 ಮಿಲಿಮೀಟರ್. ಇಷ್ಟಕ್ಕೇನಾ ಅನ್ನಿಸಬಹುದು. ನಿಜವಾದ ಲಾಭ ಬೇರೆ ಕಡೆ ಇದೆ: ಪಕ್ಕದ ಗೋಡೆ ಎತ್ತರವಾದಷ್ಟೂ ಗಾಳಿ ಇಳಿಸಿದಾಗ ರಿಮ್ಮು ಕಲ್ಲಿಗೆ ಬಡಿಯುವುದು ಕಡಿಮೆ. ನಷ್ಟವೂ ಇದೆ. ಸ್ಪೀಡೋಮೀಟರಿನ ಲೆಕ್ಕ ಶೇಕಡಾ 3ರಷ್ಟು ತಪ್ಪುತ್ತದೆ, ಎರಡನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಮೊದಲಿಗಿಂತ ಸ್ವಲ್ಪ ಏದುಸಿರು ಬಿಡುತ್ತದೆ. ಹತ್ತು ಪ್ಲೈನ (ಹತ್ತು ಪದರದಷ್ಟು ಗಟ್ಟಿಯ) ಭಾರಿ ಟೈರು ಹಾಕಿ ಅಂತ ಅಂಗಡಿಯವರು ಒತ್ತಾಯಿಸಿದರು. ಇಷ್ಟು ಹಗುರದ ಗಾಡಿಗೆ ಅದು ಬೇಡ. ಬಗ್ಗುವುದಿಲ್ಲ, ತೂಕ ಬೇರೆ, ಟಾರು ರಸ್ತೆಯಲ್ಲಿ ಹಲ್ಲು ಕಡಿಯುವ ಹಾಗೆ ಕುಲುಕುತ್ತದೆ. ಮಡ್ ಟೆರೇನೂ ಅಷ್ಟೇ. ದಿನಾ ಕೆಸರಿನಲ್ಲೇ ಓಡಿಸುವವರಿಗೆ ಸರಿ, ಒದ್ದೆ ಟಾರಿನ ಮೇಲೆ ಬ್ರೇಕು ಹಿಡಿಯುವುದರಲ್ಲಿ ಹಿಂದೆ.

ಈಗ ನನ್ನ ಮೆಚ್ಚಿನ ಸಾಮಾನಿಗೆ ಬರುತ್ತೇನೆ. ನಾಲ್ಕು ಚಕ್ರದ ಗಾಡಿಗೆ ಪುಕ್ಕಟೆಯಾಗಿ ಸಿಗುವ ಏಕೈಕ ಅಪ್‌ಗ್ರೇಡ್ ಗಾಳಿ ಇಳಿಸುವುದು. ರಸ್ತೆಯಲ್ಲಿ ಗಾಳಿಯ ಒತ್ತಡ 32 ಪಿಎಸ್‌ಐ ಇದ್ದದ್ದು ಒರಟು ಜಲ್ಲಿಗೆ 25, ಸಡಿಲ ಮರಳಿಗೆ 18. ಟೈರು ಚಪ್ಪಟೆಯಾಗಿ ನೆಲಕ್ಕೆ ತಾಗುವ ಜಾಗ ಉದ್ದುದ್ದಕ್ಕೆ ಬೆಳೆಯುತ್ತದೆ, ಭಾರ ಹಂಚಿಹೋಗುತ್ತದೆ, ಅಗೆದುಕೊಂಡು ಹೂತುಹೋಗುತ್ತಿದ್ದ ಚಕ್ರ ಮೇಲೆ ತೇಲಿದ ಹಾಗೆ ಹೋಗುತ್ತದೆ. ಇಳಿಸಿದ ಮೇಲೆ ವೇಗವನ್ನೂ ಇಳಿಸಬೇಕು, ತಿರುವಿನಲ್ಲಿ ಜೋರಾಗಿ ಸ್ಟೀರಿಂಗ್ ಎಳೆಯಬಾರದು, ಇಲ್ಲದಿದ್ದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಆದರೆ ಇಳಿಸಿದ್ದನ್ನು ಮತ್ತೆ ತುಂಬಲು ದಾರಿಯಿಲ್ಲದವರು ಇಳಿಸಲು ಹೆದರುತ್ತಾರೆ. ಹಾಗಾಗಿ ಕಂಪ್ರೆಸರ್.

ಡಬ್ಬದ ಮೇಲೆ ನಿಮಿಷಕ್ಕೆ ಇಷ್ಟು ಲೀಟರ್ ಅಂತ ಬರೆದಿರುವುದು ಎದುರು ಒತ್ತಡವೇ ಇಲ್ಲದಾಗಿನ ಲೆಕ್ಕ. ಟೈರಿನಲ್ಲಿ ಒತ್ತಡ ಏರುತ್ತಾ ಹೋದ ಹಾಗೆ ಅದು ಕುಸಿಯುತ್ತದೆ. ನನ್ನ ಅಳತೆಯ ಟೈರಿನೊಳಗೆ ಸುಮಾರು 50 ಲೀಟರ್ ಜಾಗ. 18ರಿಂದ 32ಕ್ಕೆ ಏರಿಸುವುದೆಂದರೆ ಹೆಚ್ಚುಕಮ್ಮಿ ಒಂದು ವಾತಾವರಣದಷ್ಟು ಒತ್ತಡ ಸೇರಿಸಿದ ಹಾಗೆ, ಅಂದರೆ ಹೊರಗಿನ ಗಾಳಿ ಇನ್ನೂ 50 ಲೀಟರ್ ಒಳಗೆ ಹೋಗಬೇಕು. ನಾಲ್ಕು ಟೈರಿಗೆ 200. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಪುಟಾಣಿ ಪಂಪು ಇದನ್ನು ಮಾಡುವಷ್ಟರಲ್ಲಿ ಕೈ ಸುಡುವಷ್ಟು ಬಿಸಿಯಾಗಿ ಅರ್ಧಕ್ಕೇ ನಿಲ್ಲುತ್ತದೆ. ಅದು ಅದರ ತಪ್ಪಲ್ಲ. ಆ ತೂತಿನ ಫ್ಯೂಸು ಸಾಮಾನ್ಯವಾಗಿ 15 ಆಂಪಿಯರ್, 180 ವಾಟ್ ಮೀರಿ ಅಲ್ಲಿಂದ ಎಳೆಯಲಾಗದು.

ನಾನು ತಂದದ್ದು ಬ್ಯಾಟರಿಗೆ ನೇರ ಕ್ಲಿಪ್ಪು ಹಾಕುವಂಥದ್ದು, ಎರಡು ಸಿಲಿಂಡರಿನದು, ದೊಡ್ಡ ಹೆಸರಿಲ್ಲದ ಬ್ರ್ಯಾಂಡು. ಎಂಜಿನ್ ಓಡುತ್ತಿರುವಾಗಲೇ ಬಳಸಬೇಕು, ಇಲ್ಲದಿದ್ದರೆ ಬ್ಯಾಟರಿ ಮಲಗುತ್ತದೆ. ಒಂದೊಂದು ಟೈರಿಗೆ ಎರಡು-ಮೂರು ನಿಮಿಷ. ತಕರಾರು ಎರಡು. ವಾಲ್ವಿಗೆ ತಿರುಪಿ ಹಾಕುವ ಹಿತ್ತಾಳೆ ತುದಿ ಮೂರನೇ ಟೈರಿನ ಹೊತ್ತಿಗೆ ಮುಟ್ಟಲಾಗದಷ್ಟು ಕಾದಿರುತ್ತದೆ, ಬಟ್ಟೆ ಇಟ್ಟುಕೊಳ್ಳಿ. ಅದರ ಮೇಲಿನ ಗೇಜು ಗಾಳಿ ಹೊಡೆಯುತ್ತಿರುವಾಗ ಜಾಸ್ತಿ ತೋರಿಸುತ್ತದೆ, ನಿಲ್ಲಿಸಿ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಇವೆರಡನ್ನು ಬಿಟ್ಟರೆ ಹಾಕಿದ ದುಡ್ಡಿಗೆ ಇಷ್ಟು ಕೆಲಸ ಕೊಟ್ಟ ಸಾಮಾನು ಇನ್ನೊಂದಿಲ್ಲ.

ಲಿಫ್ಟ್? ಹೌದು, ಹಾಕಿಸಿದೆ, ಸುಮಾರು 40 ಮಿಲಿಮೀಟರ್, ಸ್ಪ್ರಿಂಗ್ ಬದಲಿಸಿ. ಗಟ್ಟಿ ಆಕ್ಸಲಿನ (ಎಡ-ಬಲ ಚಕ್ರ ಒಂದೇ ಅಚ್ಚಿಗೆ ಕೂತಿರುವ) ಗಾಡಿಯಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಏರುತ್ತದೆ, ಎಡ-ಬಲ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ವಿಟಾರಾದಲ್ಲಿ ನಾಲ್ಕೂ ಚಕ್ರಕ್ಕೆ ಪ್ರತ್ಯೇಕ ಸಸ್ಪೆನ್ಷನ್, ಡಿಫರೆನ್ಷಿಯಲ್ ಬಾಡಿಗೇ ಕೂತಿರುವುದರಿಂದ ಅದೂ ಮೇಲೇಳುತ್ತದೆ. ಅದಕ್ಕೆ ತೆರುವ ಬೆಲೆ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕೋನ. ಇನ್ನೂ ಎತ್ತರಿಸಿದರೆ ಆ ಶಾಫ್ಟಿನ ಬಾಗುವ ಕೀಲಾದ ಸಿವಿ ಜಾಯಿಂಟಿನ ರಬ್ಬರ್ ಬೂಟು ಬೇಗ ಹರಿಯುತ್ತದೆ. ಸ್ಪ್ರಿಂಗ್ ಮೇಲೆ ಸ್ಪೇಸರ್ ತುಂಡು ಇಡುವುದು ಅಗ್ಗ, ಆದರೆ ಚಕ್ರ ಕೆಳಗೆ ಜೋತುಬೀಳುವ ಅವಕಾಶವನ್ನು ಅದು ತಿಂದುಹಾಕುತ್ತದೆ. ಮೊದಲೇ ಈ ಗಾಡಿಯ ಚಕ್ರ ಬೇಗ ಗಾಳಿಯಲ್ಲಿ ನಿಲ್ಲುತ್ತದೆ. ಮುಂದಿನ ಒಂದು, ಅದಕ್ಕೆ ಓರೆಯಾಗಿ ಹಿಂದಿನ ಒಂದು ಎದ್ದರೆ ನಡುವಿನ ಲಾಕ್ ಇದ್ದೂ ಅವೆರಡೇ ಸುತ್ತುತ್ತವೆ. ಆಗ ಕೆಳಗಿಳಿದು ಕಲ್ಲು ತುಂಬಬೇಕು. ಲಿಫ್ಟ್ ಆದ ಮೇಲೆ ವೀಲ್ ಅಲೈನ್‌ಮೆಂಟ್ ಬಿಡಬೇಡಿ.

ಯಾರೂ ಮಾತಾಡದ ಒಂದು ಸಣ್ಣ ಕೆಲಸ ಇದೆ: ಡಿಫರೆನ್ಷಿಯಲ್‌ನ ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ತೂತು. ಓಡಿ ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ, ಬ್ರೀದರಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರು ಸೇರಿದ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ, ಹಳೇ ಗಾಡಿ ಕೊಳ್ಳುವಾಗ ಪ್ಲಗ್ಗು ಬಿಚ್ಚಿಸಿ ನೋಡಿ. ಪರಿಹಾರ ಒಂದಿಷ್ಟು ಉದ್ದದ ಎಣ್ಣೆ ತಡೆಯುವ ಪೈಪು, ಎರಡು ಕ್ಲಿಪ್ಪು, ಮೇಲ್ತುದಿಗೆ ಚಿಕ್ಕ ಫಿಲ್ಟರು. ಹಿಂಬದಿಯ ಡಿಫರೆನ್ಷಿಯಲ್ಲಿನ ಪೈಪನ್ನು ದೀಪದ ಹಿಂದಿನ ಸಂದಿಯವರೆಗೆ ಎತ್ತಿ ಕಟ್ಟಿದ್ದೇವೆ. ಸ್ನಾರ್ಕೆಲ್‌ಗೆ (ಎಂಜಿನ್ನಿಗೆ ಎತ್ತರದಿಂದ ಗಾಳಿ ಒದಗಿಸುವ ಕೊಳವೆ) ಕೊಡುವ ದುಡ್ಡಿನ ಚೂರುಪಾರಿನಲ್ಲಿ ಮುಗಿಯಿತು.

ಹೂತ ಗಾಡಿ ಎಬ್ಬಿಸುವ ಹಲ್ಲಿನ ಹಲಗೆಗಳು ಎರಡು ಇವೆ. ಆಸ್ಟ್ರೇಲಿಯಾದ ಮ್ಯಾಕ್ಸ್‌ಟ್ರ್ಯಾಕ್ಸ್ ಈ ಬಗೆಗೆ ಹೆಸರುವಾಸಿ, ನನ್ನವು ಅಗ್ಗದ ಬೇರೆ ಬ್ರ್ಯಾಂಡು. ಚಕ್ರ ಗಿರ್ರನೆ ತಿರುಗಿಸಿದರೆ ಅಗ್ಗದವುಗಳ ಹಲ್ಲು ಕರಗಿ ನುಣ್ಣಗಾಗುತ್ತದೆ. ಮೊದಲು ಸಲಿಕೆಯಿಂದ ಚಕ್ರದ ಮುಂದೆ ಬಗೆದು, ಹಲಗೆ ಒಳಗೆ ತುರುಕಿ, ಲೋ ರೇಂಜಿನಲ್ಲಿ ನಿಧಾನಕ್ಕೆ ಎತ್ತಿದರೆ ಸಾಕಾಗುತ್ತವೆ. ಇನ್ನೊಂದು ಗಾಡಿಯಿಂದ ಎಳೆಸುವ ಹಗ್ಗದಲ್ಲಿ ಮಾತ್ರ ಕಂಜೂಸು ಮಾಡಬೇಡಿ. ಎಳೆದಾಗ ಶೇಕಡಾ 20ರಷ್ಟು ಹಿಗ್ಗುವ ಸ್ನ್ಯಾಚ್ ಸ್ಟ್ರಾಪ್ ಬೇಕು, ಅದನ್ನು ಕಟ್ಟಲು ತೂಕ ನಮೂದಾಗಿರುವ ಹುಕ್ಕೇ ಬೇಕು. ಟ್ರೇಲರ್ ಎಳೆಯುವ ಟೋ ಬಾಲಿಗೆ ಎಂದೂ ಕಟ್ಟಬಾರದು. ಅದು ಕಿತ್ತು ಬಂದರೆ ಗುಂಡಿನ ವೇಗದಲ್ಲಿ ಗಾಜು ಸೀಳಿಕೊಂಡು ಒಳಗೆ ಬರುತ್ತದೆ, ಜನ ಸತ್ತಿದ್ದಾರೆ.

ವಿಂಚ್ (ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಮೋಟರು) ಯಾವಾಗ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಸಾಮಾನು ತುಂಬಿದ ತೂಕದ ಒಂದೂವರೆಯಷ್ಟು ಎಳೆಯುವ ವಿಂಚ್ ಬೇಕು ಅನ್ನುವುದು ರೂಢಿಯ ಲೆಕ್ಕ. ನನ್ನ ಗಾಡಿ ತುಂಬಿದರೆ 2 ಟನ್ ದಾಟುತ್ತದೆ, ಅಂದರೆ 3 ಟನ್ನಿಗಿಂತ ಮೇಲಿನದೇ ಆಗಬೇಕು. ಅದನ್ನು ಹೊರಲು ಉಕ್ಕಿನ ಬಂಪರ್, ಬಂಪರ್ ಹೊರಲು ಮುಂದಿನ ಸ್ಪ್ರಿಂಗ್ ಇನ್ನೂ ಗಟ್ಟಿಯದು, ಆಮೇಲೆ ಬ್ರೇಕಿನ ಮಾತು. ಜೊತೆಗೆ ಇನ್ನೊಂದು ಗಾಡಿ ಇಲ್ಲದೆ ನಾನು ಇಂಥ ದಾರಿಗೆ ಇಳಿಯುವುದಿಲ್ಲ, ಹಾಗಾಗಿ ಸ್ಟ್ರಾಪೇ ಸಾಕು. ಮುಂದಿನ ದುಡ್ಡು ಎಂಜಿನ್ನಿನ ಹೊಟ್ಟೆ ಕೆಳಗಿನ ರಕ್ಷಣೆ ತಗಡಿಗೆ.