‘ಅವನು’, ‘ತಾನು’, ಇಲ್ಲವೇ ಹೆಸರು: ಯಾವ ಓದುಗರಿಗೆ ಯಾವುದು?

‘ತಾನು ಗೆದ್ದೆ ಎಂದು ರವಿ ಹೇಳಿದ.’ ಗೆದ್ದದ್ದು ರವಿಯೇ. ‘ಅವನು ಗೆದ್ದ ಎಂದು ರವಿ ಹೇಳಿದ.’ ಇಲ್ಲಿ ಗೆದ್ದವನು ಬೇರೆ ಯಾರೋ ಅಂತ ಕನ್ನಡ ಮನೆಮಾತಾದವರಿಗೆ ತಟ್ಟನೆ ಅನಿಸುತ್ತದೆ. ಇಂಗ್ಲಿಷ್‌ನಿಂದ ಬಂದು ಕನ್ನಡ ಕಲಿಯುವವರಿಗೆ ಹಾಗಲ್ಲ. ಅವರ ‘ಹಿ’ ಎರಡೂ ಕಡೆ ಸಲ್ಲುತ್ತದೆ. ಹಾಗಾಗಿ ‘ಅವನು’ ಅಂದರೆ ರವಿಯೇ ಅಂದುಕೊಳ್ಳಬಹುದು. ಎಷ್ಟು ಚಿಕ್ಕ ಪದ, ಎಷ್ಟು ದೊಡ್ಡ ವ್ಯತ್ಯಾಸ ಅಲ್ವಾ!

ಸರ್ವನಾಮ ಬಿಟ್ಟು ‘ಬಂದಳು’ ಅಂತಷ್ಟೇ ಬರೆದರೂ ನಮಗೆ ಸಾಕು, ಕೊನೆಯ ‘ಅಳು’ ಎಲ್ಲ ಹೇಳುತ್ತದೆ. ಹೊಸಬರು ವಾಕ್ಯದ ಮೊದಲಲ್ಲೇ ‘ಅವಳು’ ಹುಡುಕುತ್ತಾರೆ.

ಕನ್ನಡಿಗರಿಗಷ್ಟೇ ಬರೆಯುವುದಾದರೆ ‘ತಾನು’ ಧಾರಾಳವಾಗಿ ಬಳಸಿ. ಕಲಿಯುವವರೂ ಓದುತ್ತಾರಾ? ನನ್ನ ಆಯ್ಕೆ ಹೆಸರು. ‘ರವಿ ಗೋಪಿಗೆ ಫೋನ್ ಮಾಡಿದ. ಅವನು ಮನೆಯಲ್ಲಿರಲಿಲ್ಲ.’ ಇಲ್ಲಿ ‘ಗೋಪಿ’ ಅಂತಲೇ ಬರೆದರೆ ಯಾರೂ ತಡವರಿಸುವುದಿಲ್ಲ.